ದಾರಿಬದಿಯ ದೀಪಾಕ್ಷರಗಳು: ಅಮೆರಿಕದ ಸಣ್ಣ ಊರುಗಳ ನಿಯಾನ್ ಫಲಕಗಳನ್ನು ಓದುವ ಬಗೆ

ಶಾಸನವೊಂದು ಕೈಗೆ ಬಂದೊಡನೆ ಇತಿಹಾಸದ ವಿದ್ಯಾರ್ಥಿ ಅದು ಸುಂದರವಾಗಿದೆಯೇ ಎಂದು ಕೇಳಹೋಗುವುದಿಲ್ಲ. ಅದನ್ನು ಹಾಕಿಸಿದವರು ಯಾರು, ಖರ್ಚು ಯಾರದು, ಯಾರು ಓದಲೆಂದು ನಿಲ್ಲಿಸಿದರು, ಹೇಳದೆ ಬಿಟ್ಟದ್ದು ಏನು ಎಂಬಿವು ಆತನ ಮೊದಲ ಪ್ರಶ್ನೆಗಳು; ಲಿಪಿಯ ಸೊಬಗು ಅನಂತರದ ಮಾತು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಣ್ಣ ಊರುಗಳಲ್ಲಿ, ಹಳೆಯ ಹೆದ್ದಾರಿಗಳ ಇಕ್ಕೆಲಗಳಲ್ಲಿ, ಇಂದಿಗೂ ಅಲ್ಲಲ್ಲಿ ಉಳಿದಿರುವ ನಿಯಾನ್ ಫಲಕಗಳ ವಿಷಯದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಿರುವಂತೆ ತೋರುತ್ತದೆ. ಅರ್ಧ ಶತಮಾನಕ್ಕೂ ಮಿಕ್ಕಿ ನಡೆದುಬಂದಿರುವ ಚರ್ಚೆ ಬಹುಮಟ್ಟಿಗೆ ಅವು ಅಂದವೋ ವಿಕಾರವೋ ಎಂಬುದರ ಸುತ್ತಲೇ ಸುತ್ತಿದೆ. ಆ ಚರ್ಚೆಯ ಮೂರು ಘಟ್ಟಗಳನ್ನು ಪರಿಶೀಲಿಸಿ, ಅದರಲ್ಲಿ ಬಿಟ್ಟುಹೋದದ್ದು ಏನೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಸ್ತುವಿನ ಪರಿಚಯ ಅವಶ್ಯಕ. ನಿಯಾನ್ ಅನಿಲವನ್ನು ರ‍್ಯಾಮ್ಸೆ ಮತ್ತು ಟ್ರಾವರ್ಸ್ ಎಂಬ ವಿಜ್ಞಾನಿಗಳು 1898ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದರು. ಅದನ್ನು ದೀಪವಾಗಿ ಬಳಕೆಗೆ ತಂದವನು ಫ್ರಾನ್ಸಿನ ಜಾರ್ಜ್ ಕ್ಲಾಡ್. 1910ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಆತನ ಕೊಳವೆಗಳು ಬೆಳಗಿದವು. 1915ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಅಮೆರಿಕದ ಪ್ರಥಮ ನಿಯಾನ್ ಫಲಕಗಳು 1923ರಲ್ಲಿ ಲಾಸ್ ಏಂಜಲೀಸಿನ ಪ್ಯಾಕರ್ಡ್ ಕಾರುಗಳ ವರ್ತಕನೊಬ್ಬನ ಅಂಗಡಿಯಲ್ಲಿ ಬೆಳಗಿದವೆಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿದೆ. ಡಿಡಿಯ ಡಿಲೈಸರ್ ಮತ್ತು ಪಾಲ್ ಗ್ರೀನ್‌ಸ್ಟೈನ್ ಎಂಬ ಇತ್ತೀಚಿನ ಸಂಶೋಧಕರು ಇದಕ್ಕೆ ಆಧಾರ ಸಾಲದೆಂದು ಪ್ರಶ್ನಿಸಿದ್ದಾರೆ. ಈ ವರ್ಷದ ವಿವಾದ ನಮ್ಮ ವಿಷಯಕ್ಕೆ ಅಷ್ಟೇನೂ ಮುಖ್ಯವಲ್ಲ. ಆದರೆ ಒಂದು ಮಾತು ಹಲವರ ಬಾಯಲ್ಲಿ ಬಂದಮಾತ್ರಕ್ಕೆ ಪ್ರಮಾಣವಾಗದು ಎಂಬುದಕ್ಕೆ ತರಗತಿಯಲ್ಲಿ ಹೇಳಲು ಒಳ್ಳೆಯ ನಿದರ್ಶನ.

ನಿಯಾನ್ ತಾನಾಗಿ ಕೊಡುವುದು ಕೆಂಪು-ಕಿತ್ತಳೆಯ ಬೆಳಕನ್ನು ಮಾತ್ರ. ನೀಲಿಗೆ ಆರ್ಗಾನ್ ಅನಿಲದೊಡನೆ ತೊಟ್ಟು ಪಾದರಸ ಬೇಕು. ಉಳಿದ ಬಣ್ಣಗಳು ಬಣ್ಣದ ಗಾಜಿನಿಂದಲೂ ಕೊಳವೆಯ ಒಳಮೈಯ ಲೇಪನದಿಂದಲೂ ಬರುತ್ತವೆ. ಕೆಲಸಗಾರನು ಗಾಜಿನ ಕೊಳವೆಯನ್ನು ಜ್ವಾಲೆಯಲ್ಲಿ ಕಾಯಿಸಿ, ರಬ್ಬರು ನಳಿಗೆಯ ಮೂಲಕ ಬಾಯಿಂದ ಊದುತ್ತ, ಮೇಜಿನ ಮೇಲೆ ಹಾಸಿದ ನಕ್ಷೆಗೆ ಸರಿಯಾಗಿ ಬಗ್ಗಿಸುತ್ತಾನೆ. ನಕ್ಷೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಹಲವು ಅಕ್ಷರಗಳಿಗೆ ಒಂದೇ ಅಖಂಡ ಕೊಳವೆ. ಅಕ್ಷರ ಅಕ್ಷರಗಳ ನಡುವೆ ಓದಬಾರದ ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಾರೆ. ಬೆಳಕು ಅಲ್ಲಿಯೂ ಹರಿಯುತ್ತದೆ, ಕಾಣುವುದಿಲ್ಲ. ಇದು ಯಂತ್ರಯುಗದ ಸರಕೆಂದು ನಾವು ಭಾವಿಸಿದರೂ ಒಂದೊಂದು ಫಲಕವೂ ಕೈಕೆಲಸವೇ. ಹಾಗೆಯೇ ಒಂದೊಂದಕ್ಕೂ ಒಬ್ಬ ಮಾಲೀಕನಿದ್ದ.

ಷಿಕಾಗೋದಿಂದ ಕ್ಯಾಲಿಫೋರ್ನಿಯದ ಕಡಲತೀರದವರೆಗೆ ಸುಮಾರು 2,400 ಮೈಲಿ ಸಾಗುವ 66ನೆಯ ಸಂಖ್ಯೆಯ ಹೆದ್ದಾರಿಗೆ 1926ರಲ್ಲಿ ಆ ಸಂಖ್ಯೆ ದೊರೆಯಿತು. ಅದು ಊರನ್ನು ಬಳಸಿಹೋಗದೆ ಊರಿನ ಮುಖ್ಯ ಬೀದಿಯಾಗಿಯೇ ಹಾಯುತ್ತಿತ್ತು. ಆದುದರಿಂದ ಪೆಟ್ರೋಲು ಮಾರುವವನು, ಊಟದ ಅಂಗಡಿಯವನು, ಹತ್ತು ಹನ್ನೆರಡು ಕೊಠಡಿಗಳ ಮೋಟೆಲ್ ಇಟ್ಟುಕೊಂಡ ದಂಪತಿಗಳು, ಇವರೆಲ್ಲರೂ ಎಂದೂ ಕಾಣದ, ಮತ್ತೆಂದೂ ಕಾಣದಿರಬಹುದಾದ ಪ್ರಯಾಣಿಕನನ್ನು ಆತನು ಓಡುತ್ತಿರುವ ಕಾರಿನಲ್ಲಿರುವಾಗಲೇ ಕೆಲವು ಕ್ಷಣಗಳಲ್ಲಿ ಒಲಿಸಿಕೊಳ್ಳಬೇಕಾಗಿತ್ತು. ನ್ಯೂ ಮೆಕ್ಸಿಕೋ ಸಂಸ್ಥಾನದ ಟುಕುಮ್‌ಕ್ಯಾರಿ ಎಂಬ ಊರು ಇಂತಹ ಒಲಿಸುವಿಕೆಗೇ ಹೆಸರಾಯಿತು. ಆ ಊರಿನಲ್ಲಿ 2,000 ಮೋಟೆಲ್ ಕೊಠಡಿಗಳಿವೆ, ಈ ರಾತ್ರಿ ಅಲ್ಲಿಯೇ ತಂಗಿರಿ ಎಂದು ಸಾರುವ ಜಾಹೀರಾತು ಹಲಗೆಗಳು ಹೆದ್ದಾರಿಯುದ್ದಕ್ಕೂ ಬಲು ದೂರದಿಂದಲೇ ನಿಂತಿದ್ದವು. ಅಲ್ಲಿಯ 'ಬ್ಲೂ ಸ್ವಾಲೋ' ಮೋಟೆಲಿನ ಮುಂದೆ ಇಂದಿಗೂ ನೀಲಿ ಕವಲುಬಾಲದ ಹಕ್ಕಿಯೊಂದು ಬೆಳಗುತ್ತದೆ. 1958ರಿಂದ ಸುಮಾರು ನಾಲ್ಕು ದಶಕ ಅದನ್ನು ನಡೆಸಿದ ಲಿಲಿಯನ್ ರೆಡ್‌ಮನ್, ಕೈಯಲ್ಲಿ ಹಣವಿಲ್ಲದೆ ಬಂದವರಿಂದ ಸಾಮಾನು ಪಡೆದೋ ಏನನ್ನೂ ಪಡೆಯದೆಯೋ ಕೊಠಡಿ ಕೊಡುತ್ತಿದ್ದರೆಂದು ದಾಖಲಾಗಿದೆ. ಆ ಫಲಕದ ಮೇಲೆ 'ನೂರಕ್ಕೆ ನೂರು ತಂಪುಗೊಳಿಸಿದ ಗಾಳಿ' ಎಂಬರ್ಥದ ಒಂದು ಸಾಲಿದೆ. ಮರುಭೂಮಿಯ ಸೆಕೆಯಲ್ಲಿ ದಿನವೆಲ್ಲ ಕಾರು ಓಡಿಸಿದವನಿಗೆ ಆ ಮಾತಿನ ಬೆಲೆ ಎಷ್ಟಿದ್ದಿರಬಹುದೆಂಬುದನ್ನು ಊಹಿಸದೆ ಅದನ್ನು ಓದಿದಂತಾಗುವುದಿಲ್ಲ.

ಇನ್ನು ವಿಮರ್ಶಕರು. 1964ರಲ್ಲಿ ವಾಸ್ತುಶಿಲ್ಪಿ ಪೀಟರ್ ಬ್ಲೇಕ್ ಪ್ರಕಟಿಸಿದ 'ಗಾಡ್ಸ್ ಓನ್ ಜಂಕ್‌ಯಾರ್ಡ್' ಎಂಬ ಗ್ರಂಥ ಈ ಫಲಕಗಳನ್ನು ದೇಶದ ಮುಖಕ್ಕೆ ಬಳಿದ ಕೊಳಕೆಂದು ಕಂಡಿತು. ಮರುವರ್ಷವೇ, 1965ರ ಅಕ್ಟೋಬರಿನಲ್ಲಿ, ಅಧ್ಯಕ್ಷ ಜಾನ್ಸನ್ ಹೆದ್ದಾರಿ ಸೌಂದರ್ಯ ಶಾಸನಕ್ಕೆ ಅಂಕಿತ ಹಾಕಿದರು. ಅಂಗಡಿಯ ಸ್ವಂತ ಜಾಗದಲ್ಲಿ ನಿಂತ ಫಲಕಗಳಿಗೆ ಆ ಶಾಸನ ಬಹುಮಟ್ಟಿಗೆ ವಿನಾಯಿತಿ ಕೊಟ್ಟಿತೆಂಬುದನ್ನು ಇಲ್ಲಿ ಗಮನಿಸಬೇಕು. ನಿಯಾನನ್ನು ಕೊಂದದ್ದು ಸೌಂದರ್ಯಪ್ರಜ್ಞೆಯಲ್ಲ. ಒಳಗೆ ಟ್ಯೂಬ್‌ಲೈಟು ಇಟ್ಟ ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆಗಳು, ಒಂದೇ ಮುಖದ ಸರಪಳಿ ಹೋಟೆಲುಗಳು, ಮತ್ತು 1956ರ ಕಾನೂನಿನಿಂದ ಹುಟ್ಟಿ ಊರುಗಳನ್ನು ಬದಿಗೆ ಸರಿಸಿ ಹೋದ ಅಂತರರಾಜ್ಯ ಹೆದ್ದಾರಿಗಳು. 1985ರಲ್ಲಿ 66ನೆಯ ಸಂಖ್ಯೆಯನ್ನೇ ಪಟ್ಟಿಯಿಂದ ತೆಗೆದುಹಾಕಲಾಯಿತು.

ಎರಡನೆಯ ಘಟ್ಟ ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್, ಸ್ಟೀವನ್ ಐಜನೂರ್ ಇವರ 1972ರ 'ಲರ್ನಿಂಗ್ ಫ್ರಂ ಲಾಸ್ ವೇಗಸ್'. ಈ ಗ್ರಂಥದ ಋಣ ದೊಡ್ಡದು. ವೇಗವಾಗಿ ಚಲಿಸುವ ಕಣ್ಣಿಗೆ ಕಟ್ಟಡಕ್ಕಿಂತ ಫಲಕವೇ ಮುಖ್ಯವಾಗುತ್ತದೆಂಬ ತತ್ತ್ವವನ್ನು ಇವರು ವಿದ್ವಜ್ಜನರ ಮುಂದೆ ಧೈರ್ಯವಾಗಿ ಇಟ್ಟರು. ಬ್ಲೇಕ್ ಹೀಯಾಳಿಸಲೆಂದು ಅಚ್ಚುಹಾಕಿದ್ದ ಲಾಂಗ್ ಐಲೆಂಡಿನ ಬಾತುಕೋಳಿಯಾಕಾರದ ಅಂಗಡಿಯ ಚಿತ್ರವನ್ನೇ ಎತ್ತಿಕೊಂಡು, ತಾನೇ ಫಲಕವಾಗಿ ನಿಂತ ಕಟ್ಟಡಕ್ಕೆ 'ಬಾತು' ಎಂಬ ಪಾರಿಭಾಷಿಕ ಪದವನ್ನು ರೂಢಿಗೆ ತಂದರು. ಆದರೆ ಅವರಿಗೆ ಫಲಕವೆಂಬುದು ವಾಸ್ತುವಿನ ಒಂದು ಸಮಸ್ಯೆ. ಅದರ ಓದುಗನು ಹೆಸರಿಲ್ಲದ, ಬಣ್ಣವಿಲ್ಲದ ಒಂದು ಜೊತೆ ಕಣ್ಣು.

ಮೂರನೆಯವರು ಛಾಯಾಗ್ರಾಹಕ ಜಾನ್ ಮಾರ್ಗೋಲಿಸ್. 1969ರಿಂದ ಮೊದಲುಮಾಡಿ ಮೂರು ದಶಕಗಳಿಗೂ ಮಿಕ್ಕಿ ಅವರು ದೇಶವನ್ನು ಸುತ್ತಿ ತೆಗೆದ 11,000ಕ್ಕೂ ಹೆಚ್ಚು ಬಣ್ಣದ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಯಾರು ಬೇಕಾದರೂ ನೋಡಬಹುದು, ಬಳಸಬಹುದು. ಈ ಲೇಖಕನಿಗೂ ಆ ಫಲಕಗಳ ಪರಿಚಯವಾದದ್ದು ಬಹುಪಾಲು ಅಲ್ಲಿಯೇ. ಸಂಗ್ರಹದ ಬೆಲೆಯನ್ನು ಕಡಮೆ ಮಾಡಿ ಹೇಳುವುದು ಕೃತಘ್ನತೆಯಾದೀತು. ಆದರೂ ನೂರಾರು ಚಿತ್ರಗಳನ್ನು ನೋಡುತ್ತ ಹೋದಂತೆ ಒಂದು ವಿಚಿತ್ರ ಮನವರಿಕೆಯಾಗುತ್ತದೆ: ಬಹುತೇಕ ಎಲ್ಲವೂ ಮುಂಜಾನೆಯ ಎಳೆಬಿಸಿಲಿನಲ್ಲಿ, ಮೋಡವಿಲ್ಲದ ನೀಲಿ ಆಕಾಶದಡಿ ತೆಗೆದವು, ಮನುಷ್ಯರಿಲ್ಲ, ಕಾರುಗಳೂ ವಿರಳ. ಇದು ಮಾರ್ಗೋಲಿಸ್ ಬೇಕೆಂದೇ ಆರಿಸಿಕೊಂಡ ಕ್ರಮ. ರಾತ್ರಿಗೆಂದು ಮಾಡಿದ ವಸ್ತು ಹಗಲಿನಲ್ಲಿ, ದಾರಿಹೋಕನಿಗೆಂದು ನಿಂತ ವಸ್ತು ದಾರಿಹೋಕನಿಲ್ಲದೆ ನಿಂತಿದೆ. ಇಂದಿನ ಮೆಚ್ಚುಗೆ ಬೆಳೆದುಬಂದಿರುವುದು ಬಹುಮಟ್ಟಿಗೆ ಇಂತಹ ಚಿತ್ರಗಳ ಮೂಲಕ. ಆದ್ದರಿಂದಲೇ ಅದು ಇಷ್ಟು ನಿರ್ಮಲವಾಗಿದೆಯೆಂದು ನನ್ನ ಅಭಿಪ್ರಾಯ.

ಹೀಗೆ ಒಬ್ಬರಿಗೆ ಕೊಳಕು, ಒಬ್ಬರಿಗೆ ರಚನೆ, ಒಬ್ಬರಿಗೆ ಅವಶೇಷ. ಆದರೆ ಬ್ಲೇಕ್ ತಮ್ಮ ಗ್ರಂಥ ಪ್ರಕಟಿಸಿದ ವರ್ಷವೇ, ವಿಮರ್ಶಕರಲ್ಲದ ಬೇರೊಂದು ಮಂಡಲಿ ದಾರಿಬದಿಯ ಫಲಕಗಳನ್ನು ಓದಿತು. 1964ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಹಕ್ಕುಗಳ ಶಾಸನ, ಹೋಟೆಲು ಮೋಟೆಲುಗಳು ವರ್ಣಭೇದದಿಂದ ಗಿರಾಕಿಗಳನ್ನು ತಿರಸ್ಕರಿಸುವುದನ್ನು ನಿಷೇಧಿಸಿತು. ಜಾರ್ಜಿಯ ಸಂಸ್ಥಾನದ 216 ಕೊಠಡಿಗಳ 'ಹಾರ್ಟ್ ಆಫ್ ಅಟ್ಲಾಂಟ' ಮೋಟೆಲು ಕರಿಯ ಜನರಿಗೆ ಕೊಠಡಿ ಕೊಡಲು ನಿರಾಕರಿಸಿ, ಶಾಸನವನ್ನೇ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. ಡಿಸೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯ ಅದರ ವಾದವನ್ನು ತಳ್ಳಿಹಾಕಿತು. ಮೋಟೆಲಿನ ವ್ಯಾಪಾರ ಸಂಸ್ಥಾನದ ಗಡಿಯನ್ನು ದಾಟಿದ್ದೆಂಬುದು, ಅಂದರೆ ಕೇಂದ್ರದ ಕಾನೂನಿಗೆ ಒಳಪಟ್ಟದ್ದೆಂಬುದು, ತೀರ್ಪಿನ ಬುನಾದಿ. ಆ ಸಂದರ್ಭದಲ್ಲಿ ನ್ಯಾಯಾಲಯ ನಮೂದಿಸಿದ ಸಂಗತಿಗಳನ್ನು ನೋಡಿ: ತಂಗುವವರಲ್ಲಿ ಸುಮಾರು ನೂರಕ್ಕೆ 75 ಮಂದಿ ಹೊರಸಂಸ್ಥಾನದವರು, ಸಂಸ್ಥಾನದೊಳಗೆ ಹೆದ್ದಾರಿಗಳಲ್ಲಿ ಈ ಮೋಟೆಲು 50ಕ್ಕೂ ಹೆಚ್ಚು ಜಾಹೀರಾತು ಹಲಗೆಗಳನ್ನೂ ಫಲಕಗಳನ್ನೂ ನಿಲ್ಲಿಸಿ ಗಿರಾಕಿಗಳನ್ನು ಕರೆಯುತ್ತಿದೆ. ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದ ಫಲಕವೇ ಮಾಲೀಕನ ವಿರುದ್ಧ ಸಾಕ್ಷ್ಯವಾಯಿತು. ಫಲಕವನ್ನು ಶಾಸನದಂತೆ, ಹಾಕಿಸಿದವನು ಯಾರು ಓದುಗನು ಯಾರು ಎಂದು ಕೇಳಿ ಓದಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

ಈ ತೀರ್ಪನ್ನು ಎದುರಿಗಿಟ್ಟುಕೊಂಡು ಸಣ್ಣ ಊರಿನ ಮೋಟೆಲಿನ 'ಕೊಠಡಿ ಖಾಲಿ ಇದೆ' ಎಂಬ ಕೆಂಪು ಅಕ್ಷರಗಳನ್ನು ಮತ್ತೆ ನೋಡಬೇಕು. ನ್ಯೂಯಾರ್ಕಿನ ಅಂಚೆಯವನಾದ ವಿಕ್ಟರ್ ಗ್ರೀನ್ 1936ರಲ್ಲಿ ಕರಿಯ ಪ್ರಯಾಣಿಕರಿಗಾಗಿ ಒಂದು ಕೈಪಿಡಿಯನ್ನು ಆರಂಭಿಸಿದರು. ತಮಗೆ ಊಟ, ಕೊಠಡಿ, ಪೆಟ್ರೋಲು ಎಲ್ಲಿ ಅವಮಾನವಿಲ್ಲದೆ ದೊರೆಯುವುದೆಂಬುದರ ಪಟ್ಟಿ ಅದು; 1960ರ ದಶಕದ ಮಧ್ಯಭಾಗದವರೆಗೂ ಹೊರಬರುತ್ತಿತ್ತು. ಅದಕ್ಕೆ ಅವಶ್ಯಕತೆಯಿತ್ತೆಂಬುದೇ ಫಲಕದ ಮೇಲಿನ ಬರಹ ಅಪೂರ್ಣವೆಂಬುದಕ್ಕೆ ಪ್ರಮಾಣ. ಒಂದೇ ಕೆಂಪು ಅಕ್ಷರವನ್ನು ಇಬ್ಬರು ಚಾಲಕರು ಓದುತ್ತಿದ್ದರು. ಒಬ್ಬನು ಕಾರು ನಿಲ್ಲಿಸುತ್ತಿದ್ದ. ಇನ್ನೊಬ್ಬನು ಮಲಗಿದ ಮಕ್ಕಳನ್ನು ಹಿಂದಿನ ಆಸನದಲ್ಲಿಟ್ಟುಕೊಂಡು ಕೈಪಿಡಿಯ ಪುಟ ತಿರುವುತ್ತಿದ್ದ. ಫಲಕದ ಸೌಂದರ್ಯವನ್ನು ವರ್ಣಿಸುವ ವಿಮರ್ಶೆ ಮೊದಲನೆಯವನ ಓದನ್ನೇ ಓದು ಎಂದು ತಿಳಿದಿದೆ.

ಕೆಲವು ಫಲಕಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕಿದೆ. ಫ್ರ್ಯಾಂಕ್ ರೆಡ್‌ಫರ್ಡ್ ಎಂಬಾತ 1930ರ ದಶಕದಲ್ಲಿ ಕೆಂಟಕಿಯಲ್ಲಿ ಆರಂಭಿಸಿದ 'ವಿಗ್ವಾಮ್ ವಿಲೇಜ್' ಎಂಬ ತಂಗುದಾಣಗಳ ಕೊಠಡಿಗಳು ಕಾಂಕ್ರೀಟಿನ ಶಂಕುವಿನಾಕಾರದ ಡೇರೆಗಳು. ವಿಗ್ವಾಮ್ ಎಂಬುದು ಈಶಾನ್ಯದ ಕಾಡುಗಳ ಮೂಲನಿವಾಸಿಗಳ ಗುಮ್ಮಟಾಕಾರದ ಮನೆ. ಶಂಕುವಿನ ಡೇರೆ ಬಯಲುಸೀಮೆಯ ಬುಡಕಟ್ಟುಗಳ ಟೀಪಿ. 1950ರಲ್ಲಿ ಆರಿಜೋನದ ಹೋಲ್‌ಬ್ರುಕ್ಕಿನಲ್ಲಿ ಇಂತಹುದೇ ಒಂದು ನಿರ್ಮಾಣವಾಯಿತು. ಆ ಸೀಮೆಯ ನವಾಹೋ, ಹೋಪಿ ಜನರ ಸಾಂಪ್ರದಾಯಿಕ ಮನೆಗಳು ಈ ಎರಡರಂತೆಯೂ ಇರಲಿಲ್ಲ. ಹೆಸರು ಒಬ್ಬರದು, ಆಕಾರ ಇನ್ನೊಬ್ಬರದು, ನೆಲ ಮತ್ತೊಬ್ಬರದು; ಲಾಭ ಇವರಾರದೂ ಅಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋ-ರಿಯಾಲ್ಟೋ ಗಡಿಯಲ್ಲಿರುವ ಏಳನೆಯ ವಿಗ್ವಾಮ್ ತಂಗುದಾಣ ಶಿಥಿಲವಾಗಿದ್ದುದನ್ನು 2003ರಲ್ಲಿ ಕೊಂಡು ಜೀರ್ಣೋದ್ಧಾರ ಮಾಡಿದವರು ಗುಜರಾತಿ ಮೂಲದ ಒಂದು ಕುಟುಂಬ. 'ಇಂಡಿಯನ್' ಎಂಬ ಪದ ಕೊಲಂಬಸನಿಂದ ಮೊದಲ್ಗೊಂಡು ಪಟ್ಟ ಪಾಡಿನ ಒಂದು ಅಧ್ಯಾಯ ಇಲ್ಲಿ ಮುಗಿದಂತಾಯಿತೆಂದು ನಗಬಹುದು.

ನಗುವಿನ ಹಿಂದೆ ಇನ್ನೊಂದು ಫಲಕವಿದೆ. ಹೆದ್ದಾರಿಗಳು ಸರಿದುಹೋಗಿ, ಹಳೆಯ ಮಾಲೀಕರ ಮಕ್ಕಳು ಈ ವೃತ್ತಿಯನ್ನು ಬೇಡವೆಂದ ಕಾಲದಲ್ಲಿ, ಸಣ್ಣ ಮೋಟೆಲುಗಳನ್ನು ಕೊಂಡು ಕುಟುಂಬದ ದುಡಿಮೆಯಿಂದಲೇ ನಡೆಸಿದವರಲ್ಲಿ ಗುಜರಾತಿನಿಂದ ಹೋದವರು ಬಹುಮಂದಿ. ಇಂದು ಆ ದೇಶದ ಮೋಟೆಲುಗಳಲ್ಲಿ ಸುಮಾರು ಅರ್ಧದಷ್ಟು ಭಾರತೀಯ ಮೂಲದವರವು. 1970ರ ದಶಕದಿಂದ ಈಚೆಗೆ ಇವರ ನೆರೆಯ ಪ್ರತಿಸ್ಪರ್ಧಿಗಳು ಹಲವೆಡೆ ತಮ್ಮ ಬಾಗಿಲಲ್ಲಿ 'ಅಮೆರಿಕನ್ನರ ಒಡೆತನದ್ದು' ಎಂಬ ಬರಹವನ್ನು ತೂಗುಹಾಕಿದರು. ಕಾನೂನು ಗಿರಾಕಿಯನ್ನು ಆರಿಸುವ ಹಕ್ಕನ್ನು ಮಾಲೀಕನಿಂದ ಕಿತ್ತುಕೊಂಡ ಮೇಲೆ, ಮಾಲೀಕನನ್ನು ಆರಿಸಿಕೋ ಎಂದು ಗಿರಾಕಿಗೆ ಹೇಳುವ ಫಲಕ ಬಂದಿತು. ನಿಯಾನಿನ ಯುಗದಲ್ಲಿ ಹೇಳದೆ ಬಿಟ್ಟದ್ದನ್ನು ಇದು ಬಾಯಿಬಿಟ್ಟು ಹೇಳಿತು. ಪೌರತ್ವ ಪಡೆದು ತೆರಿಗೆ ತೆರುತ್ತಿದ್ದ ಆ ಕುಟುಂಬಗಳೂ ಅಮೆರಿಕನ್ನರೇ ಎಂಬುದು ಬರಹದವನಿಗೆ ತಿಳಿಯದಿದ್ದಿರಲಾರದು.

ಜೀರ್ಣೋದ್ಧಾರದ ಕೆಲಸ ಈಗ ಭರದಿಂದ ಸಾಗಿದೆ. ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ಮೂಲಕ 66ನೆಯ ಹೆದ್ದಾರಿಯ ಸ್ಥಳಗಳಿಗೆ ಸಹಾಯಧನ ಕೊಡಲು 1999ರ ಕಾನೂನು ಅವಕಾಶ ಮಾಡಿತು. ಹಲವು ಫಲಕಗಳು ಮತ್ತೆ ಬೆಳಗಿದವು. ಸಿನ್ಸಿನಾಟಿಯಲ್ಲಿ ಫಲಕಗಳಿಗೆಂದೇ ಒಂದು ಸಂಗ್ರಹಾಲಯವಿದೆ. ಒಡೆದ ಕೊಳವೆಯ ಸ್ಥಾನದಲ್ಲಿ ಹೊಸ ಗಾಜೋ ಎಲ್.ಇ.ಡಿ. ಪಟ್ಟಿಯೋ, ತುಕ್ಕನ್ನು ಉಳಿಸಬೇಕೋ ಬಣ್ಣ ಬಳಿಯಬೇಕೋ ಎಂದು ತಜ್ಞರು ವಾದಿಸುತ್ತಾರೆ. ಗಾಜೇ ಇರಲಿ ಎಂಬವರ ಪಕ್ಷ ನನ್ನದು, ಏಕೆಂದರೆ ಊದಿದವನ ಉಸಿರು ಬಗ್ಗಿದ ಗಾಜಿನಲ್ಲಿದೆ, ಪ್ಲಾಸ್ಟಿಕ್ ಪಟ್ಟಿಯಲ್ಲಿಲ್ಲ. ಆದರೆ ಯಾವ ಫಲಕವನ್ನು ಉಳಿಸಬೇಕೆಂಬ ಪ್ರಶ್ನೆ ಇದಕ್ಕಿಂತ ಮೊದಲಿನದು. ನೀಲಿ ಹಕ್ಕಿಯ ಪಕ್ಕದಲ್ಲಿ ಗ್ರೀನರ ಕೈಪಿಡಿಯ ಒಂದು ಪುಟವನ್ನೂ, ಅಂದವಿಲ್ಲದ, ಕೈಯಿಂದ ಬರೆದ ಆ 'ಅಮೆರಿಕನ್ನರ ಒಡೆತನ'ದ ಹಲಗೆಯೊಂದನ್ನೂ ಇಡುವ ಸಂಗ್ರಹಾಲಯ ಯಾವುದಾದರೂ ಇದ್ದರೆ, ನಮ್ಮ ವಿದ್ಯಾರ್ಥಿಗಳು ಮೊದಲು ನೋಡಬೇಕಾದದ್ದು ಅದನ್ನು.