ಇಪ್ಪತ್ತಕ್ಕೆ ಎಷ್ಟು?

ಫುಟ್‌ಬಾಲ್ ಆಡುವವರಿಗೆ ಕಾಲು ಬೇಕು, ಆಡಿಸುವವರಿಗೆ ಕಣ್ಣು ಬೇಕು. ಹೀಗೊಂದು ಗಾದೆ ಇಲ್ಲವಾದರೂ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಕಂಪ್ಯೂಟರ್ ಆಟವನ್ನು ಕಂಡವರು ಈ ಮಾತನ್ನು ಒಪ್ಪಿಯಾರು. ಕಂಪ್ಯೂಟರ್ ಆಟವೆಂದರೆ ನಮಗೆ ನೆನಪಾಗುವುದು ಗುಂಡು ಹಾರಿಸುವ, ಕಾರು ಓಡಿಸುವ ಗದ್ದಲ. ಇದರಲ್ಲಿ ಅದು ಯಾವುದೂ ಇಲ್ಲ. ಆಡುವವರು ಚೆಂಡನ್ನು ಒಮ್ಮೆಯೂ ಒದೆಯುವುದಿಲ್ಲ. ಒಂದು ಕ್ಲಬ್ಬಿನ ಮ್ಯಾನೇಜರ್ ಆಗಿ ಕುಳಿತು ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುತ್ತಾರೆ. ಪಂದ್ಯ ಶುರುವಾದ ಮೇಲೆ ಗೆರೆಯ ಆಚೆ ನಿಂತು ಕೈ ಹಿಸುಕಿಕೊಳ್ಳುತ್ತಾರೆ. ಪರದೆಯ ತುಂಬ ಹೆಸರು, ಅಂಕಿ, ವರದಿ. ದೂರದಿಂದ ನೋಡಿದರೆ ಪರೀಕ್ಷೆ ಮುಗಿದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಬಿಚ್ಚಿಟ್ಟ ಮಾರ್ಕ್ಸ್ ರಿಜಿಸ್ಟರಿನಂತೆಯೇ ಕಾಣುತ್ತದೆ.

ನಮ್ಮ ಮನೆಗೆ ಇದನ್ನು ತಂದವನು ಅಕ್ಕನ ಮಗ. ಬೇಸಿಗೆ ರಜೆಯಲ್ಲಿ ಅವನ ಪಕ್ಕದಲ್ಲಿ ಬಟಾಣಿ ಬಿಡಿಸುತ್ತ ಕುಳಿತು ನಾನು ಈ ಆಟವನ್ನು ನೋಡಿದೆ, ಕೇಳಿ ಕೇಳಿ ತಿಳಿದುಕೊಂಡೆ. ಕಾದಂಬರಿಯನ್ನೋ ನಾಟಕವನ್ನೋ ವಿಮರ್ಶಿಸುವಂತೆ ಇದನ್ನೂ ವಿಮರ್ಶಿಸಬಹುದು ಎಂದು ನನಗೆ ಅನ್ನಿಸಿತು. ಏಕೆಂದರೆ ಇದರ ನಿಜವಾದ ವಸ್ತು ಫುಟ್‌ಬಾಲ್ ಅಲ್ಲ. ಒಬ್ಬ ಮನುಷ್ಯನನ್ನು ಇನ್ನೊಬ್ಬ ಮನುಷ್ಯ ಅಳೆಯುವುದು.

ಮೊದಲು ಇದರ ಹುಟ್ಟಿನ ಮಾತು. ಇಂಗ್ಲೆಂಡಿನ ಶ್ರಾಪ್‌ಶೈರ್ ಎಂಬ ಹಳ್ಳಿಗಾಡಿನ ಸೀಮೆಯಲ್ಲಿ ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣತಮ್ಮಂದಿರು ಮನೆಯಲ್ಲೇ ಕುಳಿತು ಬರೆದ ಆಟ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಎಂಬ ಹೆಸರಿನಲ್ಲಿ 1992ರಲ್ಲಿ ಹೊರಬಂತು. ಮುಂದೆ ಪ್ರಕಾಶಕರೊಡನೆ ದಾರಿ ಬೇರೆಯಾದಾಗ ಹಳೆಯ ಹೆಸರು ಅವರ ಪಾಲಾಯಿತು, ಆಟದ ಒಡಲು ಇವರಲ್ಲೇ ಉಳಿಯಿತು. 2004ರಿಂದ ಅದಕ್ಕೆ ‘ಫುಟ್‌ಬಾಲ್ ಮ್ಯಾನೇಜರ್’ ಎಂದು ಹೆಸರು. ಮೊದಮೊದಲು ಪಂದ್ಯ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ರೇಡಿಯೋ ವೀಕ್ಷಕ ವಿವರಣೆಯಂತೆ ಒಂದೊಂದೇ ಸಾಲು ಪರದೆಯ ಮೇಲೆ ಮೂಡುತ್ತಿತ್ತು. 2003ರಲ್ಲಿ ಮೇಲಿನಿಂದ ನೋಡಿದಂತೆ ಚುಕ್ಕಿಗಳು ಓಡಾಡತೊಡಗಿದವು. 2008ರ ಕೊನೆಗೆ ಆ ಚುಕ್ಕಿಗಳಿಗೆ ಕೈಕಾಲು ಬಂದವು. ಆಟಗಾರರ ಮುಖವನ್ನೇ ಕಾಣದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಇದನ್ನು ನಿದ್ದೆಗೆಟ್ಟು ಆಡಿದರೆಂದರೆ, ಅವರನ್ನು ಹಿಡಿದಿಟ್ಟದ್ದು ಚಿತ್ರವಲ್ಲ, ಆಲೋಚನೆ.

ಆ ಆಲೋಚನೆಯ ಮೊದಲ ಭಾಗ ತಂತ್ರ. ಒಂದು ತಂಡದಲ್ಲಿ ಹನ್ನೊಂದು ಜನ. ಗೋಲ್‌ಕೀಪರನನ್ನು ಬಿಟ್ಟರೆ ಹತ್ತು. ಹಿಂದೆ ನಾಲ್ಕು, ನಡುವೆ ನಾಲ್ಕು, ಮುಂದೆ ಎರಡು ಎಂದು ನಿಲ್ಲಿಸಿದರೆ ಅದು ನಾಲ್ಕು-ನಾಲ್ಕು-ಎರಡು. ಹೊಸಬರು ಇದನ್ನೇ ತಂತ್ರವೆಂದು ತಿಳಿಯುತ್ತಾರೆ. ಚುಕ್ಕಿ ರಂಗೋಲಿ ಹಾಕಿ ಗೊತ್ತಿರುವ ನಮಗೆ ಇದರ ತಪ್ಪು ಬೇಗ ತಿಳಿಯುತ್ತದೆ. ಅವೇ ಚುಕ್ಕಿಗಳ ಮೇಲೆ ಒಬ್ಬಳು ತಾವರೆ ಬಿಡಿಸುತ್ತಾಳೆ, ಇನ್ನೊಬ್ಬಳು ನವಿಲು. ಚುಕ್ಕಿ ನಿಂತ ಜಾಗ, ಗೆರೆ ನಡೆದ ದಾರಿ. ಈ ಆಟದಲ್ಲಿ ಪ್ರತಿ ಆಟಗಾರನಿಗೂ ನಿಲ್ಲುವ ಜಾಗದ ಜೊತೆಗೆ ಒಂದು ಪಾತ್ರ ಕೊಡಬೇಕು: ನೀನು ಹಿಂದೆಯೇ ಇದ್ದು ಕಾಯಿ, ನೀನು ಅಂಚಿನಗುಂಟ ಓಡು, ನೀನು ನಡುವೆ ನಿಂತು ಚೆಂಡು ಹಂಚು. ಎರಡೂ ಅಂಚಿನ ಬ್ಯಾಕ್‌ಗಳನ್ನು ಒಟ್ಟಿಗೆ ಮುಂದಕ್ಕೆ ಓಡಿಸಿದರೆ ಹಿಂದೆ ಬಾಗಿಲು ತೆರೆದಿಟ್ಟಂತೆ. ಚೆಂಡು ಹಂಚುವವನನ್ನೇ ಮೂವರನ್ನು ಇಟ್ಟುಕೊಂಡರೆ ಬಡಿಸುವವರು ಮೂವರು, ಉಣ್ಣುವವರೇ ಇಲ್ಲ. 2025ರ ನವೆಂಬರಿನಲ್ಲಿ ಬಂದ ಆವೃತ್ತಿಯಲ್ಲಂತೂ ಚೆಂಡು ನಮ್ಮಲ್ಲಿದ್ದಾಗ ಒಂದು ರಂಗೋಲಿ, ಎದುರಾಳಿಯಲ್ಲಿದ್ದಾಗ ಇನ್ನೊಂದು ರಂಗೋಲಿ ಎಂದು ಎರಡನ್ನು ಬೇರೆಬೇರೆಯಾಗಿ ಹಾಕಬೇಕು.

ಅಕ್ಕನ ಮಗ ಕೆಳಹಂತದ ಲೀಗಿನ ಒಂದು ಬಡ ಕ್ಲಬ್ಬನ್ನು ವಹಿಸಿಕೊಂಡಿದ್ದ. ದೊಡ್ಡ ಕ್ಲಬ್ಬುಗಳು ಆಡುವ ‘ಗೆಗೆನ್‌ಪ್ರೆಸ್’ ಎಂಬ ಜರ್ಮನ್ ಹೆಸರಿನ ತಂತ್ರ ಅವನಿಗೆ ಬಲು ಇಷ್ಟ. ಚೆಂಡು ಕಳೆದುಕೊಂಡ ಮರುಕ್ಷಣವೇ ಎಲ್ಲರೂ ಮುಗಿಬಿದ್ದು ಅದನ್ನು ಕಿತ್ತುಕೊಳ್ಳಬೇಕು. ಅದಕ್ಕಾಗಿ ಹಿಂದಿನ ಸಾಲು ಮೈದಾನದ ನಡುವಿನವರೆಗೂ ಮೇಲೆ ಬಂದು ನಿಲ್ಲಬೇಕು. ಸತತ ಐದು ಪಂದ್ಯ ಸೋತ. “ಈ ಆಟಗಾರರೇ ಸರಿಯಿಲ್ಲ ಚಿಕ್ಕಮ್ಮ” ಅಂದ. ಪ್ರತಿ ಆಟಗಾರನ ಎದುರು ವೇಗ, ಧೈರ್ಯ, ಪಾಸ್, ತೀರ್ಮಾನ, ದುಡಿಮೆ ಎಂದು ಹತ್ತಾರು ಗುಣಗಳಿಗೆ 1ರಿಂದ 20ರವರೆಗೆ ಅಂಕಗಳಿರುತ್ತವೆ. ಅವನ ಹಿಂಸಾಲಿನ ಇಬ್ಬರಿಗೆ ವೇಗದಲ್ಲಿ 7 ಮತ್ತು 8. ಅವರ ತಲೆಯ ಮೇಲಿಂದ ಚೆಂಡು ಹಾರಿತೆಂದರೆ ಹಿಂದಿರುಗಿ ಓಡಿ ಹಿಡಿಯುವುದು ಅವರಿಂದಾಗದು. ಬಿಟ್ಟುಕೊಟ್ಟ ಗೋಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಾಗ ಮುಕ್ಕಾಲು ಪಾಲು ಹೀಗೆಯೇ ಬಂದಿದ್ದವು. ಸಾಲನ್ನು ಹಿಂದಕ್ಕೆಳೆದ; ಹೆಡ್ಡಿಂಗಿನಲ್ಲಿ 15 ಇದ್ದ ಎತ್ತರದ ಫಾರ್ವರ್ಡ್‌ನತ್ತ ಚೆಂಡು ಏರಿಸಲು ಹೇಳಿದ. ಗೆಲುವೇನೂ ಸುರಿಯಲಿಲ್ಲ, ಸೋಲು ನಿಂತಿತು.

ಇಲ್ಲಿ ಆಟದ ಹೆಚ್ಚುಗಾರಿಕೆ ಇದೆ. ಅದು ಉತ್ತರ ಹೇಳಿಕೊಡುವುದಿಲ್ಲ, ನೋಡುವಂತೆ ಮಾಡುತ್ತದೆ. ಇರುವ ಅಕ್ಕಿಯನ್ನು ನೋಡಿ ಅಡುಗೆ ನಿಶ್ಚಯಿಸಬೇಕೇ ಹೊರತು ಮದುವೆ ಮನೆಯ ಅಡುಗೆಪಟ್ಟಿ ತಂದು ಒಲೆಯ ಮುಂದೆ ಇಟ್ಟುಕೊಂಡರೆ ಊಟ ಆಗುವುದಿಲ್ಲ. ಮೇಲಾಗಿ ಹೊಸ ತಂತ್ರವೊಂದು ತಂಡಕ್ಕೆ ರೂಢಿಯಾಗಲು ವಾರಗಳು ಬೇಕು. ಸೋತಾಗಲೆಲ್ಲ ತಂತ್ರ ಬದಲಿಸುವ ಮ್ಯಾನೇಜರ್, ವರ್ಷಕ್ಕೊಂದು ಬೋಧನಾ ವಿಧಾನ ಹೊರಡಿಸುವ ಇಲಾಖೆಯಂತೆ, ಎಲ್ಲರನ್ನೂ ಗೊಂದಲಕ್ಕೆ ನೂಕುತ್ತಾನೆ.

ಎರಡನೆಯ ಭಾಗ ಸ್ಕೌಟಿಂಗ್, ಅಂದರೆ ಹೊರಗಿನ ಆಟಗಾರರನ್ನು ನೋಡಿಕೊಂಡು ಬರುವುದು. ನನ್ನನ್ನು ಹೆಚ್ಚು ಸೆಳೆದದ್ದು ಇದೇ. ಗೊತ್ತಿಲ್ಲದ ಆಟಗಾರನ ಅಂಕಗಳನ್ನು ಆಟ ನಮಗೆ ನೇರವಾಗಿ ತೋರಿಸುವುದಿಲ್ಲ. ವೇಗ 9ರಿಂದ 14, ಧೈರ್ಯ 6ರಿಂದ 13 ಎಂದು ಮಸುಕಾಗಿ ತೋರಿಸುತ್ತದೆ. ಕ್ಲಬ್ಬಿನ ಸ್ಕೌಟ್ ಹೋಗಿ ಪಂದ್ಯದ ಮೇಲೆ ಪಂದ್ಯ ನೋಡಿದಂತೆ ಆ ಅಂತರ ಕಿರಿದಾಗುತ್ತ ಬರುತ್ತದೆ. ಇನ್ನೂ ಸೊಗಸಾದ ಸಂಗತಿ ಎಂದರೆ ನೋಡಲು ಹೋದವನಿಗೂ ಅಂಕಗಳಿವೆ. ಇಂದಿನ ಸಾಮರ್ಥ್ಯವನ್ನು ಅಳೆಯುವುದರಲ್ಲಿ ಎಷ್ಟು, ಮುಂದೆ ಬೆಳೆಯುವುದನ್ನು ಊಹಿಸುವುದರಲ್ಲಿ ಎಷ್ಟು ಎಂದು ಎರಡು ಬೇರೆ ಬೇರೆ ಅಂಕ. ಮೊದಲನೆಯದರಲ್ಲಿ ಜಾಣನಾದವನು ಎರಡನೆಯದರಲ್ಲಿ ದಡ್ಡನಿರಬಹುದು. ವರದಿಯಲ್ಲಿ ಕೊಡುವ ನಕ್ಷತ್ರಗಳೂ ಸ್ವತಂತ್ರವಲ್ಲ. ನಮ್ಮ ತಂಡದ ಆಟಗಾರರಿಗೆ ಹೋಲಿಸಿ ಕೊಟ್ಟವು. ಬಡ ಕ್ಲಬ್ಬಿನಲ್ಲಿ ನಾಲ್ಕು ನಕ್ಷತ್ರದವನು ಸಿರಿವಂತ ಕ್ಲಬ್ಬಿಗೆ ಹೋದರೆ ಒಂದೂವರೆ.

ಹೆಣ್ಣು ನೋಡುವ ಶಾಸ್ತ್ರಕ್ಕೆ ಕುಳಿತೆದ್ದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಪ್ಪಿಟ್ಟು ಕೇಸರಿಬಾತು ಮುಗಿಯುವಷ್ಟರಲ್ಲಿ ಬಂದವರು ನಮ್ಮ ಬಣ್ಣ, ಎತ್ತರ, ಗುಣ, ಮುಂದಿನ ಐವತ್ತು ವರ್ಷಗಳ ಸಂಸಾರವನ್ನೆಲ್ಲ ಅಳೆದು ಹೋಗುತ್ತಿದ್ದರು. ಅಳೆಯಲು ಬಂದವರ ಯೋಗ್ಯತೆಗೆ ಎಷ್ಟು ಅಂಕ ಎಂದು ಯಾರೂ ಕೇಳುತ್ತಿರಲಿಲ್ಲ. ಈ ಆಟ ಕೇಳುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ಹಾಗಾದರೆ ಮಸುಕಿನ ಹಿಂದಿರುವ ನಿಜವಾದ ಅಂಕವನ್ನು ಇಟ್ಟವರು ಯಾರು? ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಜನ ಇದಕ್ಕಾಗಿ ತಮ್ಮ ತಮ್ಮ ಊರಿನ ಪಂದ್ಯಗಳನ್ನು ನೋಡಿ ಅಂಕ ಕಳಿಸುತ್ತಾರೆ. ಆ ದಾಖಲೆಗೆ ಎಷ್ಟು ಮಾನ್ಯತೆ ಎಂದರೆ, 2008ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ಬು ನಿಜವಾದ ಆಟಗಾರರನ್ನು ಹುಡುಕಲು ಅದನ್ನು ಬಳಸುವ ಒಪ್ಪಂದ ಮಾಡಿಕೊಂಡಿತು. ಆದರೆ ಅಂಕ ಹಾಕುವವರೂ ಮನುಷ್ಯರೇ. 2001ರ ಆವೃತ್ತಿಯಲ್ಲಿ ಪೋರ್ಚುಗಲ್ಲಿನ ಗೊವೆಯಾ ಎಂಬ ಪುಟ್ಟ ಕ್ಲಬ್ಬಿನಲ್ಲಿ ಟೊ ಮಡೇರಾ ಎಂಬ ಅದ್ಭುತ ಫಾರ್ವರ್ಡ್ ಇದ್ದ. ಆಡಿದವರೆಲ್ಲ ಅವನನ್ನು ಕೊಂಡರು, ಅವನು ಗೋಲಿನ ಮಳೆ ಸುರಿಸಿದ. ಆಮೇಲೆ ತಿಳಿಯಿತು: ಅಲ್ಲಿನ ಅಂಕ ಹಾಕುವವನೇ ತನ್ನನ್ನು ತಾನು ಆಟಗಾರನೆಂದು ಬರೆದುಕೊಂಡಿದ್ದ! ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು?

ಇದು ನಗುವ ಕಥೆ. ಅದೇ ಆವೃತ್ತಿಯ ಇನ್ನೊಂದು ಹೆಸರು ಚೆರ್ನೊ ಸಾಂಬಾ. ಗ್ಯಾಂಬಿಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ, ಮಿಲ್‌ವಾಲ್ ಕ್ಲಬ್ಬಿನ ಎಳೆಯರ ತಂಡದ ಹುಡುಗ. ಆಟದಲ್ಲಿ ಅವನು ಜಗತ್ತಿನ ಶ್ರೇಷ್ಠರಲ್ಲೊಬ್ಬನಾಗುತ್ತಿದ್ದ. ಬದುಕಿನಲ್ಲಿ ಲಿವರ್‌ಪೂಲ್ ಅವನನ್ನು ಕೇಳಿ ಬಂದರೂ ಕ್ಲಬ್ಬುಗಳ ನಡುವೆ ವ್ಯವಹಾರ ಕುದುರಲಿಲ್ಲ. ಮಿಲ್‌ವಾಲ್ ಹಿರಿಯರ ತಂಡದಲ್ಲಿ ಒಂದು ಲೀಗ್ ಪಂದ್ಯವನ್ನೂ ಆಡದೆ ಅಲ್ಲಿಂದ ಹೊರಟು, ಸ್ಪೇನ್, ಫಿನ್‌ಲೆಂಡ್, ಗ್ರೀಸ್, ನಾರ್ವೆ ಎಂದು ಅಲೆದು, ಗ್ಯಾಂಬಿಯಾ ದೇಶದ ಪರವಾಗಿ ಕೆಲವು ಪಂದ್ಯ ಆಡಿ, 2015ರಲ್ಲಿ ನಿವೃತ್ತನಾದ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವೆ. ಮೊಳಕೆಗೆ ಅಂಕ ಹಾಕಿದವರು ನೀರನ್ನೂ ಬೇಲಿಯನ್ನೂ ಲೆಕ್ಕ ಹಿಡಿದಿರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಈ ಆಟದ ಒಡಲಲ್ಲಿ ಪ್ರತಿ ಆಟಗಾರನಿಗೂ ಇನ್ನೆರಡು ಗುಪ್ತ ಅಂಕಗಳಿವೆ, ಒಂದೊಂದೂ 200ಕ್ಕೆ. ಒಂದು ಇಂದಿನ ಸಾಮರ್ಥ್ಯ. ಇನ್ನೊಂದು ಅವನು ಎಂದಾದರೂ ಮುಟ್ಟಬಹುದಾದ ಗರಿಷ್ಠ ಮಿತಿ. ಮೊದಲನೆಯದು ಏರಿಳಿಯುತ್ತದೆ. ಅಭ್ಯಾಸ, ಆಡಲು ಸಿಗುವ ಅವಕಾಶ, ಗಾಯ, ಶ್ರದ್ಧೆ, ಸ್ವಭಾವ ಎಲ್ಲವೂ ಅದರ ಮೇಲೆ ಕೆಲಸ ಮಾಡುತ್ತವೆ. ಎರಡನೆಯದು ಮಾತ್ರ ಆಟ ಶುರುವಾದ ದಿನ ಬರೆದದ್ದು ಬರೆದಂತೆ. ಹಣೆಬರಹ! ಷಷ್ಠಿ ದೇವಿ ಆರನೆಯ ದಿನ ಬಂದು ಬರೆದು ಹೋದಂತೆ. 120 ಎಂದು ಬರೆದವನು ಎಷ್ಟೇ ಬೆವರು ಹರಿಸಿದರೂ 121 ಆಗುವುದಿಲ್ಲ. ಮಾಡಿದವರಿಗೂ ಇದು ಕಸಿವಿಸಿ ಉಂಟುಮಾಡಿದಂತಿದೆ. ಎಳೆಯ ಆಟಗಾರರಿಗೆ ಖಚಿತ ಅಂಕದ ಬದಲು ಮೈನಸ್ 9 ಎಂಬಂಥ ಗುರುತು ಹಾಕುವ ಪದ್ಧತಿ ಇದೆ. ಹಾಗಿದ್ದರೆ ಪ್ರತಿ ಹೊಸ ಆಟದಲ್ಲೂ ಅವನ ಮಿತಿ 150ರಿಂದ 180ರೊಳಗೆ ಬೇರೆಬೇರೆಯಾಗಿ ಬೀಳುತ್ತದೆ. ಆದರೆ ಇದೂ ಹಣೆಬರಹವನ್ನು ಅಳಿಸಿದ್ದಲ್ಲ, ದಾಳ ಉರುಳಿಸಿ ಬರೆದದ್ದು.

ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಅಂಕ ಹಾಕಿದವಳಾಗಿ ನಾನು ಇದನ್ನು ಒಪ್ಪಲಾರೆ. ಎಂಟನೆಯ ತರಗತಿಯಲ್ಲಿ ಭಾಗಾಕಾರಕ್ಕೆ ತಡವರಿಸುತ್ತಿದ್ದ ಹುಡುಗಿಯೊಬ್ಬಳು ಹತ್ತನೆಯ ತರಗತಿಗೆ ಬೀಜಗಣಿತದಲ್ಲಿ ಎಲ್ಲರಿಗಿಂತ ಮುಂದಾದಳು. ನಡುವೆ ಆದದ್ದು ಇಷ್ಟೇ: ಅವಳ ಸೊಂಟದ ಮೇಲಿದ್ದ ತಮ್ಮ ಅಂಗನವಾಡಿಗೆ ಸೇರಿದ, ಅವಳ ಕೈ ಖಾಲಿಯಾಯಿತು. ಮಿತಿ ಅವಳೊಳಗೆ ಇರಲಿಲ್ಲ, ಸೊಂಟದ ಮೇಲಿತ್ತು. ‘ಇವಳು ಇಷ್ಟೇ’ ಎಂದು ಬರೆಯುವ ಒಂದು ಕಾಲಂ ನಮ್ಮ ರಿಜಿಸ್ಟರಿನಲ್ಲಿ ಇಲ್ಲದ್ದು ದೊಡ್ಡ ಪುಣ್ಯ. ಬರೆಯದೆಯೇ ಮನಸ್ಸಿನಲ್ಲಿ ಹಾಗೆ ಅಂಕ ಹಾಕಿಬಿಡುವವರು ಮನೆಗಳಲ್ಲೂ ಶಾಲೆಗಳಲ್ಲೂ ಸಾಕಷ್ಟು ಇದ್ದಾರೆ.

ಫುಟ್‌ಬಾಲಿನ ಚರಿತ್ರೆಯೇ ಇದಕ್ಕೆ ಸಾಕ್ಷಿ ಹೇಳುತ್ತದೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ‘ಡಿಕ್, ಕರ್ ಲೇಡೀಸ್’ ಎಂಬ ಕಾರ್ಖಾನೆ ಹುಡುಗಿಯರ ತಂಡದ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷದ ಡಿಸೆಂಬರಿನಲ್ಲೇ ಇಂಗ್ಲೆಂಡಿನ ಫುಟ್‌ಬಾಲ್ ಸಂಘ, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಬಾಗಿಲು ತೆರೆಯುವಷ್ಟರಲ್ಲಿ 1970ರ ದಶಕ ಬಂದಿತ್ತು. ಐವತ್ತು ವರ್ಷ ಒಂದು ಇಡೀ ಲೋಕದ ಮಿತಿಯನ್ನು ಯಾರೋ ಮೇಜಿನ ಮುಂದೆ ಕುಳಿತು ಬರೆದಿಟ್ಟರು. ಈ ಕಂಪ್ಯೂಟರ್ ಆಟದಲ್ಲೂ ಮೊನ್ನೆ ಮೊನ್ನೆಯವರೆಗೆ ಹೆಣ್ಣುಮಕ್ಕಳ ತಂಡಗಳೇ ಇರಲಿಲ್ಲ. ಸೇರಿಸುತ್ತೇವೆಂದು 2021ರಲ್ಲಿ ಮಾತು ಕೊಟ್ಟರು. ನಡುವೆ ಒಂದು ಆವೃತ್ತಿಯನ್ನೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟರು. ಅದೇ ವರ್ಷದ ನವೆಂಬರಿನ ಆವೃತ್ತಿಯಲ್ಲಿ ಕೊನೆಗೂ ಮಹಿಳಾ ಲೀಗುಗಳು ಬಂದವು. ಅಂಕ ಕಡಿಮೆ ಬೀಳುವುದಕ್ಕಿಂತ ದೊಡ್ಡ ಅನ್ಯಾಯ ಯಾರೂ ನೋಡಲೇ ಬಾರದಿರುವುದು. ಆ ಅನ್ಯಾಯ ಇಲ್ಲಿ ಸ್ವಲ್ಪವಾದರೂ ಸರಿಯಾಯಿತು ಎಂದು ನನಗೆ ಸಂತೋಷ.

ನಿಮ್ಮ ಮನೆಯ ಮಕ್ಕಳು ಈ ಆಟ ಆಡುತ್ತಿದ್ದರೆ ಬೈಯುವ ಮೊದಲು ಅರ್ಧ ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳಿ. ಹುಕುಂ ಮಾಡುವ ಮುಂಚೆ ಇರುವವರನ್ನು ಗಮನಿಸಬೇಕು, ವರದಿಯನ್ನು ನಂಬುವ ಮುಂಚೆ ವರದಿಗಾರನನ್ನು ತೂಗಬೇಕು ಎಂಬ ಎರಡು ಪಾಠಗಳನ್ನು ಅದು ನಮಗಿಂತ ಚೆನ್ನಾಗಿ ಕಲಿಸುತ್ತದೆ. ಗರಿಷ್ಠ ಮಿತಿ ಎಂಬ ಆ ಗುಪ್ತ ಕಾಲಂ ಮಾತ್ರ ಆಟದಲ್ಲೇ ಇರಲಿ, ಅದು ಬದುಕಿಗೆ ಬೇಡವೆಂದು ಅವರಿಗೆ ನೀವೇ ಹೇಳಬೇಕಾಗುತ್ತದೆ. ಇನ್ನು ಈ ಆಟಕ್ಕೆ ಇಪ್ಪತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ನನ್ನನ್ನು ಕೇಳಿದರೆ, ಸ್ಕೌಟಿನ ಹಾಗೆ 13ರಿಂದ 17 ಎನ್ನುತ್ತೇನೆ. ಇನ್ನೂ ಕೆಲವು ಪಂದ್ಯ ನೋಡಬೇಕು.