ಪೂರ್ವಕಥೆಯ ನಿರೀಕ್ಷೆ: ‘ದಿ ಹಾಬಿಟ್’ ಚಲಚ್ಚಿತ್ರಗಳನ್ನು ಕುರಿತು

ಒಂದು ಕೃತಿ ಹುಟ್ಟುವುದಕ್ಕೆ ಮೊದಲೇ ಪ್ರೇಕ್ಷಕರ ಮನಸ್ಸಿನಲ್ಲಿ ಅದರ ಪ್ರತಿಯೊಂದು ಸಿದ್ಧವಾಗಿಬಿಡುವುದುಂಟು. ಪೀಟರ್ ಜ್ಯಾಕ್ಸನ್ ನಿರ್ದೇಶಿಸಿದ ‘ದಿ ಹಾಬಿಟ್’ ಚಿತ್ರತ್ರಯವು 2012ರಿಂದ 2014ರ ವರೆಗೆ ತೆರೆಗೆ ಬಂದಾಗ, ಅದರ ದೋಷಗಳನ್ನೆಲ್ಲ ನಿರ್ಮಾಪಕರ ಧನಲೋಭದ ಲೆಕ್ಕಕ್ಕೆ ಬರೆದವರು ಅನೇಕರು. ಲೋಭವಿರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಆ ದೋಷಗಳಲ್ಲಿ ಕೆಲವು ಒಪ್ಪಂದಪತ್ರಗಳಲ್ಲಿಯೂ, ಮತ್ತೆ ಕೆಲವು ವರ್ಷಗಟ್ಟಲೆ ಕಾದ ಅಭಿಮಾನಿಗಳ ಅಪೇಕ್ಷೆಯಲ್ಲಿಯೂ ಹುಟ್ಟಿದುವೆಂದು ತೋರುತ್ತದೆ.

‘ಪೂರ್ವಕಥಾಚಿತ್ರ’ ಎಂಬ ಹೆಸರೇ ಇಲ್ಲಿ ವಿಚಾರಾರ್ಹವಾದುದು. ಟೋಲ್ಕೀನನ ‘ದಿ ಹಾಬಿಟ್’ ಪ್ರಕಟವಾದುದು 1937ರಲ್ಲಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಂದುದು 1954-55ರಲ್ಲಿ. ಗ್ರಂಥಗಳಲ್ಲಿ ಹಿರಿದಾದುದು ಚಿತ್ರಗಳಲ್ಲಿ ಕಿರಿದಾಯಿತು. ಜ್ಯಾಕ್ಸನ್ ತೊಂಬತ್ತರ ದಶಕದಲ್ಲಿ ಮೊದಲು ಯೋಚಿಸಿದುದೂ ‘ಹಾಬಿಟ್’ ಚಿತ್ರವನ್ನೇ. ಬೃಹತ್ಕಥೆಯು ಅದರ ಹಿಂದೆ ಬರಬೇಕಾಗಿತ್ತು. ಅಡ್ಡಿಯಾದುದು ಹಕ್ಕಿನ ತೊಡಕು. 1969ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಗೆ ಮಾರಾಟವಾಗಿದ್ದ ಚಿತ್ರಹಕ್ಕುಗಳು 1976ರಲ್ಲಿ ಸಾಲ್ ಝೇಂಟ್ಸ್‌ನ ಕೈಸೇರಿದುವಾದರೂ, ‘ಹಾಬಿಟ್’ನ ವಿತರಣೆಯ ಹಕ್ಕು ಮಾತ್ರ ಹಳೆಯ ಸಂಸ್ಥೆಯಲ್ಲಿಯೇ ಉಳಿದು, ಅದರೊಡನೆ ಮೆಟ್ರೊ ಗೋಲ್ಡ್ವಿನ್ ಮೇಯರ್ ಸಂಸ್ಥೆಯ ಪಾಲಾಯಿತು. ಹೀಗೆ ಕಥಾಕ್ರಮವನ್ನು ನಿರ್ಣಯಿಸಿದವರು ನ್ಯಾಯವಾದಿಗಳೆಂದರೆ ಅತಿಶಯೋಕ್ತಿಯಾಗದು.

ಮುಂದಿನ ವ್ಯಾಜ್ಯಗಳು ಸುಪರಿಚಿತವಾದವು. ಲಾಭದ ಲೆಕ್ಕಪತ್ರಗಳ ವಿಷಯದಲ್ಲಿ ಜ್ಯಾಕ್ಸನ್ 2005ರಲ್ಲಿ ನ್ಯೂ ಲೈನ್ ಸಂಸ್ಥೆಯ ಮೇಲೆ ದಾವೆ ಹೂಡಿದನು. 2006ರ ನವೆಂಬರಿನಲ್ಲಿ ಆತನನ್ನು ಬಿಟ್ಟೇ ಚಿತ್ರ ಮಾಡುವುದಾಗಿ ಸಂಸ್ಥೆ ತಿಳಿಸಿತು. ಅಭಿಮಾನಿಗಳು ಮನವಿಗಳನ್ನು ಬರೆದರು, ಬಹಿಷ್ಕಾರದ ಮಾತನ್ನೂ ಆಡಿದರು. 2007ರ ಡಿಸೆಂಬರಿನಲ್ಲಿ ರಾಜಿಯಾಯಿತು. ಎರಡೇ ತಿಂಗಳಲ್ಲಿ, ತಮಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದು ಟೋಲ್ಕೀನನ ವಾರಸುದಾರರ ಪಕ್ಷವು 15 ಕೋಟಿ ಡಾಲರುಗಳಿಗೆ ದಾವೆ ತಂದಿತು. ಅದು ತೀರಿದುದು 2009ರ ಸೆಪ್ಟೆಂಬರಿನಲ್ಲಿ. 2008ರಲ್ಲಿ ನಿಯುಕ್ತನಾಗಿದ್ದ ನಿರ್ದೇಶಕ ಗಿಯೆರ್ಮೊ ದೆಲ್ ತೊರೊ, ಚಿತ್ರೀಕರಣದ ದಿನವೇ ಗೊತ್ತಾಗದೆ, 2010ರ ಮೇ ತಿಂಗಳಲ್ಲಿ ಹೊರನಡೆದನು. ಆತನ ಚಿತ್ರ ಹೇಗಿರುತ್ತಿತ್ತೋ ಎಂಬ ಕುತೂಹಲ ನಮಗೆ ಇಂದಿಗೂ ಇದೆ.

ಈ ನಿರೀಕ್ಷೆಗೆ ಇನ್ನೊಂದು ಮುಖವಿದೆ. ಅದನ್ನು ಅಭಿಮಾನಿಗಳು ಮರೆಯುವುದು ಸುಲಭ. 2010ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡಿನ ನಟರ ಸಂಘವು ಸಾಮೂಹಿಕ ಒಪ್ಪಂದವನ್ನು ಬೇಡಿದಾಗ, ಚಿತ್ರವು ದೇಶವನ್ನೇ ಬಿಟ್ಟುಹೋಗುವುದೆಂಬ ಭಯ ಹಬ್ಬಿತು. ಚಿತ್ರ ಉಳಿಯಲೆಂದು ಜನರು ನಗರಗಳಲ್ಲಿ ಮೆರವಣಿಗೆ ಹೊರಟರು. ಸರಕಾರವು ಕೆಲವೇ ದಿನಗಳಲ್ಲಿ, ಆ ತಿಂಗಳ 29ರಂದು, ಚಿತ್ರೋದ್ಯಮದ ಕೆಲಸಗಾರರನ್ನು ಸಾಮಾನ್ಯವಾಗಿ ಸ್ವತಂತ್ರ ಗುತ್ತಿಗೆದಾರರೆಂದೇ ಎಣಿಸುವ ತಿದ್ದುಪಡಿಯನ್ನು ಅಂಗೀಕರಿಸಿತು. ಸಾಮೂಹಿಕ ಚೌಕಾಶಿಯ ಅವಕಾಶ ಅವರಿಗೆ ಶಾಸನದ ಮೂಲಕ ಮರಳಿದುದು 2022ರಲ್ಲಿ. ಕಥೆಯ ಮೇಲಿನ ಪ್ರೀತಿಯು ಆ ಕಥೆಯಲ್ಲಿ ದುಡಿಯುವವರಿಗೆ ಎದುರಾಗಿ ನಿಂತುದು ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಶೋಚನೀಯವಾದ ಅಂಶ.

ಇನ್ನು ಕೃತಿಯ ಔಚಿತ್ಯ. ಮೂಲವು ಮಕ್ಕಳಿಗೆಂದು ಹೇಳಿದ ಕಥೆ. ಅಲ್ಲಿ ಅದ್ಭುತಕ್ಕೆ ಹಾಸ್ಯವೇ ಜೊತೆ. ಒಂದು ದಶಕ ಕಾದವರು ಬಯಸಿದುದಾದರೋ ಹಿಂದಿನ ಚಿತ್ರಗಳ ವೀರವನ್ನೂ ಗಾಂಭೀರ್ಯವನ್ನೂ. ಎರಡು ಭಾಗಗಳೆಂದಿದ್ದ ಚಿತ್ರವನ್ನು 2012ರ ಜುಲೈನಲ್ಲಿ ಮೂರಾಗಿ ವಿಭಾಗಿಸಲಾಯಿತು. ಒಟ್ಟು ಅವಧಿ ಸುಮಾರು ಎಂಟು ಗಂಟೆಗಳಿಗೆ ಬೆಳೆಯಿತು. ಮೂಲದಲ್ಲಿ ಹೆಸರೇ ಇಲ್ಲದ ಲೆಗೊಲಾಸನು ಬಂದನು. ಟೋಲ್ಕೀನನ ಯಾವ ಬರಹದಲ್ಲಿಯೂ ಇಲ್ಲದ ಟೌರಿಯೆಲ್ ಬಂದಳು. ಮೂರನೆಯ ಚಿತ್ರದಲ್ಲಿ ಕದನವೇ ಕಥೆಯನ್ನು ನುಂಗಿದೆ. ಬಿಲ್ಬೊ ತನ್ನ ಕಥೆಯಲ್ಲಿಯೇ ಅತಿಥಿಯಾಗುತ್ತಾನೆ.

ಮೂಲಕ್ಕೆ ಉತ್ತರಕಥೆಯ ಬಣ್ಣ ಬಳಿಯಬಾರದೆಂಬ ನಿಯಮವಿಲ್ಲ. ಕವಿಯೇ ಅದನ್ನು ಮಾಡಿದ್ದಾನೆ. 1937ರ ಪಾಠದಲ್ಲಿ ಗೊಲ್ಲಮ್ ಒಗಟಿನ ಪಂದ್ಯಕ್ಕೆ ಉಂಗುರವನ್ನು ಬಹುಮಾನವಾಗಿ ಒಡ್ಡುವನು; ಸೋತ ಮೇಲೆ ಬಿಲ್ಬೊವಿಗೆ ಹೊರದಾರಿಯನ್ನೂ ತೋರಿಸುವನು. ಉತ್ತರಕಥೆಯಲ್ಲಿ ಆ ಉಂಗುರವು ಮನುಷ್ಯನನ್ನು ಬಿಡದ ಪಾಶವಾದ್ದರಿಂದ, ಟೋಲ್ಕೀನನು 1951ರ ಆವೃತ್ತಿಯಲ್ಲಿ ಆ ಅಧ್ಯಾಯವನ್ನು ತಿದ್ದಿ, ಗೊಲ್ಲಮನ ದೈನ್ಯವನ್ನೂ ಕ್ರೌರ್ಯವನ್ನೂ ಮೂಡಿಸಿದನು. 1960ರಲ್ಲಿ ಗ್ರಂಥವನ್ನೆಲ್ಲ ಗಂಭೀರಶೈಲಿಗೆ ತರಲು ತೊಡಗಿ, ಕೆಲವು ಅಧ್ಯಾಯಗಳಾದ ಮೇಲೆ ಕೈಬಿಟ್ಟನು. 2011ರ ಮಾರ್ಚ್ 21ರಂದು ಕಡೆಗೂ ಚಿತ್ರೀಕರಣ ಆರಂಭವಾದಾಗ ಜ್ಯಾಕ್ಸನ್ ಮೊದಲು ಎತ್ತಿಕೊಂಡುದು ಆ ಒಗಟಿನ ಪ್ರಸಂಗವನ್ನೇ. ಗುಹೆಯ ಕತ್ತಲೆ, ಇಬ್ಬರು ಪಾತ್ರಧಾರಿಗಳು, ಮಾತು. ಮೂರು ಚಿತ್ರಗಳಲ್ಲಿ ನಾವು ಮತ್ತೆ ಮತ್ತೆ ನೋಡಬಯಸುವ ಭಾಗ ಇದೊಂದೇ.