ಸಿರಿಯ ಆವೇಶವೂ ನರ್ತನ ಚಿಕಿತ್ಸೆಯೂ

ನೊಂದ ಮನಸ್ಸನ್ನು ದೇಹದ ಚಲನೆಯ ಮೂಲಕ ಸ್ವಸ್ಥಗೊಳಿಸುವ ನರ್ತನ ಚಿಕಿತ್ಸೆಯ ಪ್ರವರ್ತಕರಲ್ಲಿ ಮರಿಯನ್ ಚೇಸ್ ಪ್ರಮುಖಳು. ಈ ನರ್ತಕಿಯು 1942ರಲ್ಲಿ ವಾಷಿಂಗ್ಟನ್ ನಗರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕಾರ್ಯವನ್ನು ಕೈಕೊಂಡಳು. ತುಳುನಾಡಿನ ಸಿರಿ ಜಾತ್ರೆಯು ಇದೇ ಚಿಕಿತ್ಸೆಯ ಪೂರ್ವರೂಪವೆಂದು ಹೇಳಿಬಿಡುವುದು ಸುಲಭ. ಆ ಸಾಮ್ಯವು ಎಷ್ಟರ ಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಗಂಡನ ದ್ರೋಹವನ್ನು ಸಹಿಸದೆ ಅವನನ್ನು ತೊರೆದ ಸಿರಿ, ಆಕೆಯ ಮಗಳು ಸೊನ್ನೆ, ಚೆನ್ನೆಮಣೆಯಾಟದ ಜಗಳದಲ್ಲಿ ಅಳಿದ ಅವಳಿ ಮೊಮ್ಮಕ್ಕಳು ಅಬ್ಬಗ ದಾರಗ—ಇವರ ದುಃಖವೇ ಆ ಕಾವ್ಯದ ವಸ್ತು. ಜಾತ್ರೆಯ ಹುಣ್ಣಿಮೆಯ ರಾತ್ರಿ ಸ್ತ್ರೀಯರು ಕೈಯಲ್ಲಿ ಹಿಂಗಾರವನ್ನು ಹಿಡಿದು ತೂಗಾಡುತ್ತ ಆವೇಶಗೊಳ್ಳುವರು. ಕುಮಾರನ ಪಾತ್ರಿಯು ಅವರನ್ನು ಪ್ರಶ್ನಿಸುವನು, ಅವರು ಸಿರಿಯಾಗಿ, ಸೊನ್ನೆಯಾಗಿ ಉತ್ತರ ಕೊಡುವರು, ಮನೆಯವರು ಕೇಳುವರು. ಹೀಗೆ ಚಲನೆಯು ಮಾತಿಗೆ ದಾರಿ ತೆರೆಯುತ್ತದೆ, ಮಾತು ಬಂಧುಗಳನ್ನು ಮುಟ್ಟುತ್ತದೆ. ಮನೆಯಲ್ಲಿ ಸೊಸೆಯಾಗಿ ಆಡಲಾರದುದನ್ನು ಸ್ತ್ರೀಯು ಇಲ್ಲಿ ಸಿರಿಯಾಗಿ ಆಡಬಲ್ಲಳು. ಕಥೆಯನ್ನೂ ಬಂಧುವರ್ಗವನ್ನೂ ಬಿಟ್ಟು ತೂಗಾಟವೊಂದನ್ನೇ ಚಿಕಿತ್ಸೆಯೆಂದು ಎತ್ತಿಕೊಂಡರೆ ಉಳಿಯುವುದು ಬರಿಯ ಅಂಗಚೇಷ್ಟೆ.

ಇನ್ನು ಕಾಲದ ಭೇದವೂ ಗಮನಿಸತಕ್ಕದ್ದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟದ ಗುಡ್ಡಗಳು ಕುಸಿದು ಮಾರ್ಗವು ಮುಚ್ಚಿಹೋಯಿತು. ತಪ್ಪಲಿನ ಊರುಗಳನ್ನು ನೆರೆ ಬಾಧಿಸಿತು. ಅಂತಹ ಗಳಿಗೆಯಲ್ಲಿ ಬೇಕಾದುದು ಮೊದಲು ಅಭಯ, ಅನ್ನ, ಆಸರೆ. ನೊಂದವರನ್ನು ಅನುಭವ ಹೇಳುವಂತೆ ಒತ್ತಾಯಿಸಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರಡಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಮುಖ್ಯ ಸೂತ್ರಗಳಲ್ಲೊಂದು. ಕುಮಾರನಾದರೋ ಕೇಳಿ ಕೇಳಿ ನುಡಿಸುವವನು. ಅವನ ರೀತಿಯು ವರ್ಷಗಳಿಂದ ಒಳಗೇ ಉಳಿದ ನೋವಿಗೆ ಹೊಂದೀತು. ನಿನ್ನೆ ಮನೆ ಕಳೆದುಕೊಂಡವಳಿಗೆ ಹೊಂದದು. ಆಕೆಗೆ ಚಲನೆಯು ಬೇಕಾದರೆ ಅದು ಮೆಲ್ಲನೆ ಉಸಿರಾಡುವಷ್ಟು, ಮಕ್ಕಳೊಡನೆ ಕೈಹಿಡಿದು ನಡೆಯುವಷ್ಟು ಸರಳವಾಗಿರಬೇಕು. ಅದೂ ಆಕೆಯ ಇಚ್ಛೆಗೆ ಬಿಟ್ಟದ್ದಾಗಿರಬೇಕು.

ಆದುದರಿಂದ ಸಿರಿ ಜಾತ್ರೆಯನ್ನು ತುರ್ತು ಚಿಕಿತ್ಸೆಯ ಮಾದರಿಯೆನ್ನುವುದು ಯುಕ್ತವಲ್ಲ. ಮೂಢಾಚಾರವೆಂದು ತಳ್ಳುವುದೂ ಯುಕ್ತವಲ್ಲ. ದೇಹವು ನುಡಿಯುವುದಕ್ಕೆ ತಕ್ಕ ಕಾಲವೂ ಕೇಳತಕ್ಕ ಬಂಧುಗಳೂ ಇರಬೇಕೆಂಬುದೇ ಅದರಿಂದ ಚಿಕಿತ್ಸಕನು ಕಲಿಯತಕ್ಕ ಪಾಠ.